ಒಂಬತ್ತು ಬಾಲದ ನರಿಗೆ ಮಗಧದಲ್ಲಿ ಗಂಡನಿದ್ದನಂತೆ!

ನಾನು ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ಅಲ್ಲಿನ ಹಳೆಯ ಕಥೆಗಳನ್ನು ಓದುವುದು, ಓದಿಸುವುದು ಇಪ್ಪತ್ತು ವರ್ಷದ ಚಾಳಿ. ಆ ಕಥೆಗಳಲ್ಲಿ ವಿಚಿತ್ರ ಜೀವಿಗಳಿಗೇನೂ ಬರವಿಲ್ಲ. ನೆತ್ತಿಯ ಮೇಲೆ ನೀರು ಹೊತ್ತು ತಿರುಗುವ ಕಪ್ಪಾ ಇದೆ, ಬೆಟ್ಟದಲ್ಲಿರುವ ಉದ್ದ ಮೂಗಿನ ತೆಂಗು ಇದೆ (ನಮ್ಮ ತೋಟದ ತೆಂಗಲ್ಲ). ಅವುಗಳ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಪತ್ರ ಬಂದರೆ ನರಿಯದ್ದೇ. ಜಪಾನಿಯಲ್ಲಿ ಕಿತ್ಸುನೆ. ಅದು ವೇಷ ಬದಲಿಸುತ್ತದೆ, ಹೆಂಗಸಾಗಿ ಬರುತ್ತದೆ ಅನ್ನುವುದು ನಿಮಗೆಲ್ಲ ಗೊತ್ತಿರುವುದರಿಂದಲೇ ತಾನೆ ಪತ್ರ ಬರೆಯುತ್ತಿದ್ದೀರಿ? ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಪ್ರಶ್ನೆ: ಕಿತ್ಸುನೆ ಮೂಲತಃ ಭಾರತದ್ದು, ಆಕೆ ಮಗಧದ ರಾಣಿಯಾಗಿದ್ದಳು, ಅಲ್ಲಿಂದ ಚೀನಾಕ್ಕೆ, ಆಮೇಲೆ ಜಪಾನಿಗೆ ಹೋದಳು ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ? ನಿಜವಾದರೆ ನಮ್ಮ ಪುರಾಣದಲ್ಲಿ ಆಕೆಯ ಹೆಸರೇನು? (ದಾವಣಗೆರೆಯ ಓದುಗರು)

ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಆಕೆಯ ಹೆಸರು ನಮ್ಮ ಪುರಾಣದಲ್ಲಿ ಇಲ್ಲ. ಆದರೆ ಆಕೆಯ ಗಂಡನ ಹೆಸರು ಇದೆ. ಇಡೀ ವಿಷಯ ಇರುವುದೇ ಅಲ್ಲಿ. ಆ ಫಾರ್ವರ್ಡ್ ಮಾಡಿದವರು ಅದನ್ನೇ ಬಿಟ್ಟಿದ್ದಾರೆ.

ಜಪಾನಿನ ಕಥೆ ಮೊದಲು ಹೇಳುತ್ತೇನೆ. ಟೋಬಾ ಎಂಬ ಚಕ್ರವರ್ತಿ ಇದ್ದ, 1103ರಿಂದ 1156ರವರೆಗೆ ನಿಜವಾಗಿ ಬದುಕಿದ್ದವನು. ಪಟ್ಟ ಬಿಟ್ಟ ಮೇಲೂ ಆಸ್ಥಾನ ಅವನ ಕೈಯಲ್ಲೇ ಇತ್ತು. ಅಲ್ಲಿಗೆ ತಮಾಮೊ-ನೊ-ಮಾಎ ಎಂಬ ಸುಂದರಿ ಬಂದಳು ಎಂದು ಕಥೆ. ಏನು ಕೇಳಿದರೂ ಅವಳಿಗೆ ಗೊತ್ತು. ಒಂದು ರಾತ್ರಿ ದೀಪ ಆರಿದಾಗ ಅವಳ ಮೈಯೇ ಬೆಳಗಿತು. (ಹೆಸರಿನ ಕೊನೆಯ ‘ಮಾಎ’ ನಮ್ಮ ‘ಮಾಯೆ’ ಅಲ್ಲ. ಅದು ಆಸ್ಥಾನದ ಹೆಂಗಸರ ಹೆಸರಿಗೆ ಗೌರವಕ್ಕೆ ಸೇರಿಸುತ್ತಿದ್ದ ಮಾತು. ದಯವಿಟ್ಟು ಇದರ ಮೇಲೆ ಇನ್ನೊಂದು ಫಾರ್ವರ್ಡ್ ಹುಟ್ಟಿಸಬೇಡಿ.) ಟೋಬಾ ಹಾಸಿಗೆ ಹಿಡಿದ. ಗ್ರಹಗತಿ ನೋಡುವ ಆಸ್ಥಾನದ ಪಂಡಿತ ಇವಳು ನರಿ ಎಂದು ಕಂಡುಹಿಡಿದ. ಅವಳು ನಾಸು ಎಂಬ ಬಯಲಿಗೆ ಓಡಿದಳು. ಇಬ್ಬರು ಯೋಧರು ಬೇಟೆಯಾಡಿ ಕೊಂದರು. ಸತ್ತ ಮೇಲೂ ಸಿಟ್ಟು ಆರದೆ ಕಲ್ಲಾದಳು. ಹತ್ತಿರ ಬಂದ ಪ್ರಾಣಿ, ಪಕ್ಷಿ, ಮನುಷ್ಯ ಯಾರನ್ನೂ ಉಳಿಸದ ಕಲ್ಲು. ಅದಕ್ಕೆ ಸೆಶ್ಶೊಸೆಕಿ, ಅಂದರೆ ಕೊಲ್ಲುವ ಕಲ್ಲು ಎಂದು ಹೆಸರು.

ಈಗ ಇಂಡಿಯಾದ ಭಾಗ. ಇದೇ ನರಿ ಹಿಂದೆ ತೆಂಜಿಕುವಿನಲ್ಲಿ, ಅಂದರೆ ಭಾರತದಲ್ಲಿ, ಹಂಝೊಕು ಎಂಬ ರಾಜಕುಮಾರನ ಬಳಿ ಇತ್ತು ಎನ್ನುತ್ತಾರೆ. ಹಂಝೊಕು ಯಾರು? ಹೆಸರನ್ನು ಬಿಡಿಸಿ ನೋಡಿ. ‘ಹಂ’ ಎಂದರೆ ಮಚ್ಚೆ, ‘ಝೊಕು’ ಎಂದರೆ ಪಾದ. ಮಚ್ಚೆ ಪಾದದವನು. ಸಂಸ್ಕೃತಕ್ಕೆ ತಿರುಗಿಸಿದರೆ ಕಲ್ಮಾಷಪಾದ.

ಮಹಾಭಾರತದ ಆದಿಪರ್ವ ಓದಿದವರಿಗೆ ಈಗ ಹೊಳೆದಿರಬೇಕು. ಇಕ್ಷ್ವಾಕು ವಂಶದ ರಾಜ. ಒಬ್ಬರೇ ಹೋಗಬಹುದಾದ ಕಾಡುದಾರಿಯಲ್ಲಿ ವಸಿಷ್ಠರ ಮಗ ಶಕ್ತಿ ಎದುರಾದ. ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವ ಜಗಳ. ರಾಜ ಚಾವಟಿಯಿಂದ ಹೊಡೆದ, ಶಕ್ತಿ ‘ನರಭಕ್ಷಕನಾಗು’ ಎಂದು ಶಾಪ ಕೊಟ್ಟ. ರಾಜ ಮೊದಲು ತಿಂದದ್ದೇ ಶಕ್ತಿಯನ್ನು. ಕಾಲಿಗೆ ಮಚ್ಚೆ ಬಿದ್ದ ಕಥೆ ಭಾಗವತದಲ್ಲಿದೆ. ಅಲ್ಲಿ ಶಾಪ ಕೊಡುವವರು ವಸಿಷ್ಠರೇ. ರಾಜ ತಿರುಗಿ ಶಪಿಸಲು ನೀರು ಕೈಗೆತ್ತಿಕೊಂಡ. ಹೆಂಡತಿ ಮದಯಂತಿ, ಗುರುವಿಗೆ ಶಾಪ ಕೊಡಬೇಡಿ ಎಂದು ತಡೆದಳು. ಆ ನೀರನ್ನು ಎಲ್ಲಿ ಚೆಲ್ಲಿದರೂ ಜೀವಹಾನಿ. ಅದಕ್ಕೆ ತನ್ನ ಕಾಲಿನ ಮೇಲೇ ಸುರಿದುಕೊಂಡ. ಪಾದ ಕಪ್ಪಾಯಿತು.

ಇಲ್ಲಿ ನರಿ ಎಲ್ಲಿದೆ? ಇಲ್ಲವೇ ಇಲ್ಲ. ನಮ್ಮ ಕಥೆಯ ಹೆಂಡತಿ ಗಂಡನ ತಲೆ ಕೆಡಿಸಿದವಳಲ್ಲ, ಗುರುವನ್ನು ಉಳಿಸಿದವಳು.

ನರ ತಿನ್ನುವ ಈ ರಾಜನನ್ನು ಬೌದ್ಧರೂ ತಮ್ಮ ಕಥೆಗಳಿಗೆ ತೆಗೆದುಕೊಂಡರು. ಸುತಸೋಮನ ಜಾತಕ ಕಥೆಯಲ್ಲಿ ಬೋಧಿಸತ್ವನ ಮಾತು ಕೇಳಿ ಸರಿಹೋಗುವವನು ಇವನೇ. ಅಲ್ಲಿಂದ ಚೀನಾದ ಬೌದ್ಧ ಗ್ರಂಥಗಳಿಗೆ ಹೋದ. ಅವುಗಳಲ್ಲಿ ಒಂದನ್ನು ಜಪಾನಿನ ಆಸ್ಥಾನದಲ್ಲಿ ರಾಜ್ಯ ಕಾಯಲಿ ಎಂದು ಪಾರಾಯಣ ಮಾಡಿಸುತ್ತಿದ್ದರು. ಅದು ನಿನ್ನೋ-ಕ್ಯೋ. ಅದರಲ್ಲಿ ಹಂಝೊಕು ಕೆಟ್ಟ ಗುರುವಿನ ಮಾತು ಕೇಳಿ, ಸಾವಿರ ರಾಜರ ತಲೆ ತಂದು ಸಮಾಧಿಯ ದೇವರಿಗೆ ಒಪ್ಪಿಸಲು ಹೊರಡುತ್ತಾನೆ. 999 ರಾಜರು ಸಿಕ್ಕಿದರು. ಸಾವಿರನೆಯವನು ಒಂದು ದಿನ ಬಿಡುವು ಕೇಳಿದ, ಧರ್ಮ ಕೇಳಿಸಿಕೊಂಡು ಬಂದ, ಹಂಝೊಕುವಿಗೂ ಕೇಳಿಸಿದ. ಹಂಝೊಕು ಕತ್ತಿ ಕೆಳಗಿಟ್ಟ. ನಮ್ಮ ಅಂಗುಲಿಮಾಲನ ನೆನಪಾಗುತ್ತದೆ, ಅಲ್ವಾ? ಇಲ್ಲಿಯೂ ನರಿ ಇಲ್ಲ.

ನರಿ ಕಾಣಿಸುವುದು ಜಪಾನಿನ ಮಧ್ಯಯುಗದಲ್ಲಿ. ಕೊಲ್ಲುವ ಕಲ್ಲಿನ ಮೇಲೆ ಒಂದು ಹಳೆಯ ನೋಹ್ ನಾಟಕವಿದೆ. ಅದರಲ್ಲಿ ನರಿಯೇ ತನ್ನ ಪೂರ್ವಕಥೆ ಹೇಳುತ್ತದೆ. ಭಾರತದಲ್ಲಿ ನಾನು ಹಂಝೊಕುವಿನ ಸಮಾಧಿಯ ದೇವರು, ಚೀನಾದಲ್ಲಿ ಯೂ ಎಂಬ ರಾಜನ ರಾಣಿ ಬಾವೊ ಸಿ, ಇಲ್ಲಿ ತಮಾಮೊ ಎನ್ನುತ್ತದೆ. ಗಮನಿಸಿ, ಭಾರತದಲ್ಲಿ ಇನ್ನೂ ಹೆಂಡತಿಯಲ್ಲ. ಸಾವಿರ ತಲೆ ಕೇಳಿದ ಆ ದೇವರು. ಹೆಂಡತಿಯಾಗಿ ಬಡ್ತಿ ಸಿಕ್ಕಿದ್ದು ಎದೊ ಕಾಲದಲ್ಲಿ. 1803ರಿಂದ 1805ರವರೆಗೆ ತಕಾಯ್ ರಾನ್‌ಝಾನ್ ಎಂಬಾತ ಬರೆದ ಚಿತ್ರಕಥೆ ಇದನ್ನು ಮನೆಮನೆಗೆ ಮುಟ್ಟಿಸಿತು. ಈಗ ಅವಳಿಗೆ ಕಾಯೊ ಎಂಬ ಹೆಸರು, ಊರು ಮಗಧ. ರಾಜಕುಮಾರ ತೋಟದಲ್ಲಿ ಮಲಗಿದ್ದ ನರಿಗೆ ಬಾಣ ಬಿಡುತ್ತಾನೆ. ಮಾರನೆಯ ದಿನ ನೋಡಿದರೆ ಹೆಂಡತಿಯ ತಲೆಗೆ ಗಾಯ. ನಾಡಿ ಹಿಡಿದು ‘ಇದು ಮನುಷ್ಯರ ನಾಡಿಯಲ್ಲ’ ಎನ್ನುವ ವೈದ್ಯ ಯಾರು ಗೊತ್ತಾ? ಬುದ್ಧನ ಕಾಲದ ಜೀವಕ! ಇಕ್ಷ್ವಾಕು ರಾಜನನ್ನೂ ಬಿಂಬಿಸಾರನ ವೈದ್ಯನನ್ನೂ ಒಂದೇ ಅರಮನೆಗೆ ತಂದು ಕೂರಿಸಿದ್ದಾರೆ. ಹೊಕುಸಾಯ್, ಕುನಿಯೋಶಿಯಂಥ ದೊಡ್ಡ ಕಲಾವಿದರು ಈ ಹಂಝೊಕುವಿನ ಚಿತ್ರ ಬರೆದರು. ಇಂಟರ್ನೆಟ್ಟಿನಲ್ಲಿ ‘ಭಾರತದ ಕಿತ್ಸುನೆಯ ಪ್ರಾಚೀನ ಚಿತ್ರ’ ಎಂದು ಓಡಾಡುವುದು ಸಾಮಾನ್ಯವಾಗಿ ಇವೇ. ಇನ್ನೂರು ವರ್ಷ ಹಿಂದಿನ ಜಪಾನಿ ಮರದಚ್ಚಿನ ಚಿತ್ರಗಳು.

ಹಾಗಾದರೆ ಇಂಡಿಯಾವನ್ನು ಎಳೆದು ತಂದದ್ದು ಯಾಕೆ? ಹಳೆಯ ಜಪಾನಿಗೆ ಲೋಕ ಎಂದರೆ ಮೂರು ದೇಶ. ಭಾರತ, ಚೀನಾ, ಜಪಾನ್. ಬುದ್ಧನ ಧರ್ಮ ಅದೇ ದಾರಿಯಲ್ಲಿ ಬಂತು. ಧರ್ಮ ಮೂರು ದೇಶ ದಾಟಿ ಬಂದಿದ್ದರೆ ಅದರ ವೈರಿಯೂ ಮೂರು ದೇಶ ದಾಟಿಯೇ ಬರಬೇಕು. ಊರಿನ ಹಳ್ಳದ ಪಕ್ಕದಲ್ಲಿ ಹುಟ್ಟಿದ ನರಿ ಚಕ್ರವರ್ತಿಗೆ ಸಾಟಿಯೇ? ಇಂಡಿಯಾ ಅಂದರೆ ಆ ಕಥೆಗಾರರಿಗೆ ಒಂದು ಘನತೆಯ ವಿಳಾಸ. ನಾವು ಅದನ್ನು ಜನನ ಪ್ರಮಾಣಪತ್ರ ಎಂದು ಓದುತ್ತಿದ್ದೇವೆ.

ಬಾಲದ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ತಮಾಮೊ ಕಥೆಯ ಹಳೆಯ ರೂಪಗಳಲ್ಲಿ ಆ ನರಿಗೆ ಎರಡೇ ಬಾಲ. ಒಂಬತ್ತು ಬಂದದ್ದು ಆಮೇಲೆ. ಒಂಬತ್ತು ಬಾಲದ ನರಿ ಚೀನಾದ ಹಳೆಯ ಗ್ರಂಥದಲ್ಲಿದೆ, ಮನುಷ್ಯರನ್ನು ತಿನ್ನುತ್ತದೆ ಎಂದೂ ಬರೆದಿದೆ. ಆದರೆ 927ರಲ್ಲಿ ಮುಗಿದ ಎಂಗಿಶಿಕಿ ಎಂಬ ಜಪಾನಿನ ಸರ್ಕಾರಿ ನಿಯಮಗಳ ಸಂಗ್ರಹದಲ್ಲಿ ಅದೇ ಪ್ರಾಣಿ ಶುಭಶಕುನಗಳ ಪಟ್ಟಿಯಲ್ಲಿದೆ! ಕಂಡರೆ ರಾಜ್ಯಕ್ಕೆ ಒಳ್ಳೆಯದು. ‘ಒಂಬತ್ತು ಬಾಲ ಅಂದರೆ ಅತಿ ದುಷ್ಟ ನರಿ’ ಎಂದು ನನಗೆ ಪಾಠ ಹೇಳುವವರು ಇದನ್ನು ಸ್ವಲ್ಪ ನೋಡಲಿ.

ಇಷ್ಟು ಹೇಳಿ ಇಂಡಿಯಾದ್ದು ಏನೂ ಇಲ್ಲ ಅಂದರೆ ಅದೂ ತಪ್ಪಾಗುತ್ತದೆ. ನಿಜವಾದ ನಂಟು ಬೇರೆ ಕಡೆ ಇದೆ. ಅದು ಡಾಕಿನಿಯದ್ದು. ಸ್ಮಶಾನದಲ್ಲಿ ಹೆಣ ತಿನ್ನುವ ನಮ್ಮ ಡಾಕಿನಿ ತಂತ್ರದ ಜೊತೆ ಚೀನಾ ದಾಟಿ ಜಪಾನಿಗೆ ಹೋದಳು. ಅಲ್ಲಿ ಬಿಳಿ ನರಿಯ ಮೇಲೆ ಕೂತ ದೇವಿಯಾದಳು. ನಮ್ಮಲ್ಲಿ ಸ್ಮಶಾನದ ಪ್ರಾಣಿ ಜಾಕಲ್, ಸಂಸ್ಕೃತದ ಸೃಗಾಲ. ಚೀನಾದ ಅನುವಾದಕರು ಅದಕ್ಕೆ ಬಳಸಿದ ಪದ ಜಪಾನಿನಲ್ಲಿ ‘ಯಾಕನ್’ ಆಯಿತು. ಜಪಾನಿನಲ್ಲಿ ಜಾಕಲ್ ಇಲ್ಲ. ಯಾಕನ್ ಅಂದರೆ ಏನು ಅಂತ ಕೇಳಿದರೆ ಅಲ್ಲಿನವರಿಗೆ ತೋರಿಸಲು ಇದ್ದದ್ದು ಫಾಕ್ಸ್. ಆ ಪದ ನರಿಯ ಇನ್ನೊಂದು ಹೆಸರಾಗಿಬಿಟ್ಟಿತು. ಈಗ ನಗಬೇಡಿ. ಜಾಕಲ್‌ಗೂ ಫಾಕ್ಸಿಗೂ ಒಟ್ಟಿಗೆ ‘ನರಿ’ ಅನ್ನುವ ಕನ್ನಡಿಗರಾದ ನಾವು ಮಾಡುವುದೂ ಅದನ್ನೇ. ಪಂಚತಂತ್ರದ ಕರಟಕ, ದಮನಕ ಜಾಕಲ್‌ಗಳು. ಈ ಉತ್ತರದಲ್ಲಿ ನಾನು ನರಿ ನರಿ ಅನ್ನುತ್ತಿರುವುದು ಫಾಕ್ಸಿಗೆ.

ಐಚಿ ಪ್ರಾಂತದ ತೊಯೊಕಾವಾ ಇನಾರಿಗೆ ಹೋದರೆ ಈ ಗಂಟು ಕಣ್ಣಿಗೆ ಕಾಣುತ್ತದೆ. ಹೆಸರಿನಲ್ಲಿ ಜಪಾನಿನ ಭತ್ತದ ದೇವರಾದ ಇನಾರಿ ಇದೆ, ಸುತ್ತ ಸಾಲು ಸಾಲು ಕಲ್ಲಿನ ನರಿಗಳಿವೆ. ಆದರೆ ಅದು ಝೆನ್ ಬೌದ್ಧ ದೇವಾಲಯ. ಒಳಗೆ ಪೂಜೆ ಡಾಕಿನಿಗೆ. ಕ್ಯೋಟೊದ ಫುಶಿಮಿ ಇನಾರಿ ಮಾತ್ರ ಜಪಾನಿನದೇ ಧರ್ಮವಾದ ಶಿಂಟೊದ ದೇವರ ಜಾಗ, ಸಂಪ್ರದಾಯದ ಪ್ರಕಾರ 711ರದ್ದು. ಅಲ್ಲಿಯೂ ನರಿ ದೇವರಲ್ಲ, ಭತ್ತದ ದೇವರ ದೂತ. ನಂದಿಯನ್ನೇ ಶಿವ ಎಂದ ಹಾಗಾಗುತ್ತದೆ, ಆ ತಪ್ಪು ಮಾಡಬೇಡಿ.

ಇನ್ನೊಂದು ಮಾತು. ಬಿಸಿಲು ಮಳೆ ಒಟ್ಟಿಗೆ ಬಂದರೆ ನಾವು ‘ಕಾಗೆಗೂ ನರಿಗೂ ಮದುವೆ’ ಅನ್ನುತ್ತೇವೆ. ಜಪಾನಿನಲ್ಲಿ ಅದೇ ಮಳೆಗೆ ‘ನರಿ ಮದುವೆ ದಿಬ್ಬಣ’ ಅನ್ನುತ್ತಾರೆ. ಆ ದಿಬ್ಬಣವನ್ನು ಕದ್ದು ನೋಡಿದ ಹುಡುಗನ ಕಥೆಯಿಂದಲೇ ಕುರೊಸಾವಾ 1990ರ ತಮ್ಮ ‘ಕನಸುಗಳು’ ಚಿತ್ರ ಶುರುಮಾಡುತ್ತಾರೆ. ಇದನ್ನೂ ‘ನಮ್ಮಿಂದಲೇ ಹೋಗಿದ್ದು’ ಎಂದು ಒಬ್ಬರು ಬರೆದಿದ್ದರು. ಬಿಸಿಲು ಮಳೆಗೆ ಪ್ರಾಣಿಗಳ ಮದುವೆ ಮಾಡಿಸುವ ಮಾತು ಕೊರಿಯಾದಲ್ಲಿದೆ, ಆಫ್ರಿಕಾದಲ್ಲಿದೆ. ಕೊರಿಯಾದಲ್ಲಿ ಹುಲಿಗೆ ಮದುವೆ, ದಕ್ಷಿಣ ಆಫ್ರಿಕಾದಲ್ಲಿ ಮಂಗನಿಗೆ. ಎಲ್ಲರಿಗೂ ನಾವೇ ಲಗ್ನಪತ್ರಿಕೆ ಕಳಿಸಿದ್ದೆವಾ?

ಪ್ರಶ್ನೆ: 2022ರಲ್ಲಿ ಆ ಕಲ್ಲು ಎರಡು ಹೋಳಾಗಿ ನರಿ ಹೊರಗೆ ಬಂತಂತೆ. ಆಮೇಲೆ ಅಲ್ಲಿ ಕಾಡುಹಂದಿಗಳು ಸತ್ತವಂತೆ. (ಹಾಸನ)

ಕಲ್ಲು ಒಡೆದದ್ದು ನಿಜ, 2022ರ ಮಾರ್ಚಿನಲ್ಲಿ. ಅದರಲ್ಲಿ ಮೊದಲೇ ಬಿರುಕಿತ್ತು. ನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದರೆ ಬಂಡೆ ಸೀಳುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಎಂಟು ಕಾಡುಹಂದಿ ಸತ್ತು ಬಿದ್ದಿದ್ದೂ ನಿಜ. ನಾಸು ಜ್ವಾಲಾಮುಖಿಯ ಜಾಗ. ನೆಲದಿಂದ ಹೈಡ್ರೋಜನ್ ಸಲ್ಫೈಡಿನಂಥ ವಿಷದ ಗಾಳಿ ಹೊರಬರುತ್ತದೆ. 1689ರಲ್ಲಿ ಕವಿ ಬಾಶೊ ಅಲ್ಲಿಗೆ ಹೋಗಿದ್ದಾಗಲೇ, ಮರಳಿನ ಬಣ್ಣ ಕಾಣದಷ್ಟು ಜೇನುಹುಳ, ಚಿಟ್ಟೆಗಳು ಸತ್ತು ಬಿದ್ದಿದ್ದವು ಎಂದು ಬರೆದಿದ್ದಾನೆ. ಕೊಲ್ಲುವ ಕಲ್ಲಿನ ಕಥೆ ಹುಟ್ಟಿದ್ದೇ ಈ ಗಾಳಿಯಿಂದ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಕಥೆಯನ್ನೇ ನಂಬುತ್ತೀರಾದರೆ ಪೂರ್ತಿ ನಂಬಿ. ಹದಿನಾಲ್ಕನೇ ಶತಮಾನದಲ್ಲೇ ಗೆನ್ನೋ ಎಂಬ ಝೆನ್ ಸನ್ಯಾಸಿ ಸುತ್ತಿಗೆಯಿಂದ ಆ ಕಲ್ಲು ಒಡೆದು ನರಿಗೆ ಮುಕ್ತಿ ಕೊಟ್ಟ. ಜಪಾನಿನಲ್ಲಿ ಒಂದು ಬಗೆಯ ಸುತ್ತಿಗೆಗೆ ಇವತ್ತಿಗೂ ಗೆನ್ನೋ ಎಂದೇ ಹೆಸರು. ಆರುನೂರು ವರ್ಷದ ಹಿಂದೆ ಬಿಟ್ಟುಹೋದ ಬಾಡಿಗೆದಾರಳು ಈಗ ಮತ್ತೆ ಹೇಗೆ ಮನೆ ಖಾಲಿ ಮಾಡುತ್ತಾಳೆ?

ಪ್ರಶ್ನೆ: ಕಿತ್ಸುನೆಯಲ್ಲಿ ಹದಿಮೂರು ಜಾತಿ ಇವೆಯಂತೆ. ಗಾಳಿ, ಬೆಂಕಿ, ಕಾಲ, ಸಂಗೀತ ಹೀಗೆ. (ಮೈಸೂರು)

ಇಲ್ಲ. ಅದು ಇಂಗ್ಲಿಷ್ ಇಂಟರ್ನೆಟ್ಟಿನಲ್ಲಿ ಹುಟ್ಟಿದ ಪಟ್ಟಿ.

ಪ್ರಶ್ನೆ: ನೂರು ವರ್ಷಕ್ಕೆ ಒಂದು ಬಾಲ ಬೆಳೆಯುತ್ತದೆ, ಸರಿಯೇ? (ಹುಬ್ಬಳ್ಳಿ)

ಚೀನಾದ ಹಳೆಯ ಲೆಕ್ಕ ಹೀಗಿದೆ. ಐವತ್ತು ವರ್ಷಕ್ಕೆ ನರಿ ಹೆಂಗಸಾಗಬಲ್ಲದು, ನೂರಕ್ಕೆ ಸುಂದರಿ, ಸಾವಿರಕ್ಕೆ ಆಕಾಶದ ಜೊತೆ ಮಾತು. ಬಾಲದ ಕಂತು ಅದರಲ್ಲಿಲ್ಲ.

ಪ್ರಶ್ನೆ: ‘ಲೀಗ್ ಆಫ್ ಲೆಜೆಂಡ್ಸ್’ ಆಟದ ಆರಿ ಯಾವ ಬಗೆಯ ಕಿತ್ಸುನೆ? (ಬೆಂಗಳೂರು)

ಯಾವ ಬಗೆಯದೂ ಅಲ್ಲ. ಅವಳು ಕೊರಿಯಾದ ಒಂಬತ್ತು ಬಾಲದ ನರಿ ಗುಮಿಹೊ ಮಾದರಿ. ಕೊರಿಯಾದವರ ಮುಂದೆ ಕಿತ್ಸುನೆ ಅನ್ನಬೇಡಿ, ಬೈಸಿಕೊಳ್ಳುತ್ತೀರಿ.

ಪ್ರಶ್ನೆ: ಮಗ ‘ನರುಟೊ’ ಎಂಬ ಜಪಾನಿ ಕಾರ್ಟೂನ್ ನೋಡಿ ತನ್ನ ಹೊಟ್ಟೆಯಲ್ಲೂ ನರಿ ಇದೆ ಅನ್ನುತ್ತಾನೆ. ಹೆದರಬೇಕೇ? (ತುಮಕೂರು)

ವಯಸ್ಸು ಒಂಬತ್ತು ಎಂದು ಬರೆದಿದ್ದೀರಿ. ಒಂಬತ್ತು ವರ್ಷಕ್ಕೆ ನನ್ನ ಹೊಟ್ಟೆಯಲ್ಲಿ ಭೀಮ ಇದ್ದ. ಬಿಡಿ. 1999ರಲ್ಲಿ ಶುರುವಾದ ಆ ಕಥೆಯ ನರಿ ಹಳೆಯ ಕಿತ್ಸುನೆಯಲ್ಲ. ಹೆಂಗಸಾಗಿ ಬಂದು ಮರುಳು ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ಅದು ಬೆಟ್ಟದಷ್ಟು ದೊಡ್ಡ ಪ್ರಾಣಿ, ಮಗುವಿನೊಳಗೆ ಕಟ್ಟಿಹಾಕಿದ ಶಕ್ತಿ. ಮಗನಿಗೆ ಬೇಕಿದ್ದರೆ ಹೇಳಿ, ಅಲ್ಲಿ ಪದೇ ಪದೇ ಬರುವ ‘ಚಕ್ರ’ ನಮ್ಮ ಸಂಸ್ಕೃತದ ಪದವೇ. ಬೆರಳು ಹೆಣೆದು ಮಾಡುವ ಸನ್ನೆಗಳ ಹಿಂದೆ ತಾಂತ್ರಿಕ ಬೌದ್ಧರ ಮುದ್ರೆಗಳಿವೆ. ನಮ್ಮಿಂದ ಏನು ಹೋಯ್ತು ಎಂದು ಕೇಳುವವರು ಕಾಯೊ ರಾಣಿಯನ್ನು ಬಿಟ್ಟು ಇದನ್ನು ಹುಡುಕಲಿ.

ಪ್ರಶ್ನೆ: ಐದು ಸಾವಿರ ರೂಪಾಯಿ ಕೊಟ್ಟರೆ ಕಿತ್ಸುನೆಯ ಆತ್ಮವನ್ನು ಉಂಗುರಕ್ಕೆ ಕಟ್ಟಿ ಕಳಿಸುತ್ತೇವೆ ಎಂದು ಆನ್‌ಲೈನಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಅದೃಷ್ಟ ಬರುತ್ತದಂತೆ. ತಗೊಳ್ಳಬಹುದೇ? (ಬೆಳಗಾವಿ)

ಅದೃಷ್ಟ ಬರುತ್ತದೆ, ಮಾರುವವನಿಗೆ.

ಇದನ್ನು ತಮಾಷೆಯಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ನರಿ ಸಾಕಿಕೊಂಡಿದ್ದಾರೆ ಅನ್ನಿಸಿಕೊಳ್ಳುವುದು ಜಪಾನಿನಲ್ಲಿ ಹೆಮ್ಮೆಯ ಮಾತಾಗಿರಲಿಲ್ಲ. ಶಿಮಾನೆ ಪ್ರಾಂತದ ಇಜುಮೊ ಕಡೆ ಕೆಲವು ಮನೆತನಗಳಿಗೆ ‘ನರಿ ಮನೆಯವರು’ ಎಂಬ ಹಣೆಪಟ್ಟಿ ಅಂಟಿತು. ಅವರು ಕಣ್ಣಿಗೆ ಕಾಣದ ನರಿಗಳನ್ನು ಬಿಟ್ಟು ಬೇರೆಯವರ ಹಣ, ಬೆಳೆ ತರಿಸುತ್ತಾರೆ ಎಂಬ ಅಪವಾದ. ಆ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ, ಅಲ್ಲಿಂದ ತರುತ್ತಲೂ ಇರಲಿಲ್ಲ. ಇಪ್ಪತ್ತನೇ ಶತಮಾನದಲ್ಲೂ ಈ ಕಾರಣಕ್ಕೆ ಮದುವೆಗಳು ಮುರಿದಿವೆ. ಯಾರಿಗಾದರೂ ಚಿತ್ತ ಕೆಟ್ಟರೆ ‘ನರಿ ಹೊಕ್ಕಿದೆ’ ಎಂದು ಹೊಡೆದು, ಹೊಗೆ ಹಾಕಿ ಬಿಡಿಸುವವರೂ ಇದ್ದರು. 1873ರಲ್ಲಿ ಮೇಜಿ ಸರ್ಕಾರ ನರಿ ಇಳಿಸುವವರ ಕಸುಬನ್ನು ನಿಷೇಧಿಸಿತು. 1880ರ ದಶಕದಲ್ಲಿ ಟೋಕಿಯೊದಲ್ಲಿ ಕಲಿಸುತ್ತಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಇದು ಮನಸ್ಸಿನ ಕಾಯಿಲೆ ಎಂದು ಬರೆದ. ಅಲ್ಲಿನವರು ಅಷ್ಟು ಕಷ್ಟಪಟ್ಟು ಹೊರಗೆ ಹಾಕಿದ್ದನ್ನು ನೀವು ಕೊರಿಯರ್ ಚಾರ್ಜು ಕೊಟ್ಟು ತರಿಸಿಕೊಳ್ಳುತ್ತೀರಾ?

ನಮ್ಮ ಸಂತೆಯಲ್ಲೂ ಇದರ ದಾಯಾದಿ ಇದೆ. ಒಳ್ಳೆಯದಾದರೆ ‘ನರಿ ಮುಖ ನೋಡಿ ಎದ್ದಿದ್ಯಾ’ ಅನ್ನುವ ಮಾತನ್ನೇ ಬಂಡವಾಳ ಮಾಡಿಕೊಂಡು ‘ನರಿಕೊಂಬು’ ಮಾರುತ್ತಾರೆ. ನರಿಗೆ ಕೊಂಬಿಲ್ಲ. ಸಿಗುವುದು ಚರ್ಮ, ಕೂದಲು, ಮೂಳೆ ಸೇರಿಸಿ ಮಾಡಿದ ಮೋಸ. ನಿಜವಾದ ನರಿಯದ್ದೇ ಆಗಿದ್ದರೆ ಅದಕ್ಕಾಗಿ ಒಂದು ನರಿ ಸತ್ತಿದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ನನ್ನ ಕ್ಲಾಸಿಗೆ ಓದಿದ ಹುಡುಗನೊಬ್ಬ ಇದನ್ನು ಪರ್ಸಿನಲ್ಲಿಟ್ಟು ತಂದಿದ್ದ. ಅವತ್ತು ಪಾಠ ಮಾಡಲಿಲ್ಲ, ಒಂದು ಗಂಟೆ ಬೈದೆ.

ಪ್ರಶ್ನೆ: ಫೆಬ್ರವರಿಯಲ್ಲಿ ಹೊಕ್ಕೈಡೊಗೆ ಹೋಗುತ್ತಿದ್ದೇವೆ. ರಸ್ತೆ ಬದಿಯಲ್ಲೇ ನರಿಗಳು ಬರುತ್ತವಂತೆ. ಕಿತ್ಸುನೆಗೆ ಪ್ರಿಯ ಎಂದು ಹೇಳುವ ಕರಿದ ತೋಫು ಕೊಟ್ಟು ಫೋಟೊ ತೆಗೆಸಿಕೊಳ್ಳಬಹುದೇ? (ಮಂಗಳೂರು)

ಬೇಡ! ಕರಿದ ತೋಫು ಇಷ್ಟಪಡುವುದು ಕಥೆಯ ನರಿ. ಕಾಡಿನ ನರಿ ತಿನ್ನುವುದು ಇಲಿ. ತೋಫುವನ್ನು ನೀವೇ ತಿನ್ನಿ, ‘ಕಿತ್ಸುನೆ ಉದೊನ್’ ಎಂಬ ಬಿಸಿ ಶಾವಿಗೆಯ ಮೇಲೆ ಹಾಕಿ ಕೊಡುತ್ತಾರೆ, ಚೆನ್ನಾಗಿರುತ್ತದೆ. ಸಾರಿನಲ್ಲಿ ಮೀನು ಇರುತ್ತದೆ, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ.

ಹೊಕ್ಕೈಡೊದ ನರಿಗಳ ಹೊಟ್ಟೆಯಲ್ಲಿ ಎಕಿನೊಕಾಕಸ್ ಎಂಬ ಸಣ್ಣ ಲಾಡಿಹುಳು ಇರುತ್ತದೆ. ಅದರ ಮೊಟ್ಟೆ ನರಿಯ ಮಲದಲ್ಲಿ ಹೊರಬರುತ್ತದೆ, ಮೈಕೂದಲಿಗೂ ಅಂಟಿರಬಹುದು. ಅದು ನಿಮ್ಮ ಬಾಯಿಗೆ ಸೇರಿದರೆ ಯಕೃತ್ತಿನಲ್ಲಿ ಬೆಳೆಯುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ, ಗೊತ್ತಾದಾಗ ತಡವಾಗಿರುತ್ತದೆ. ಮುಟ್ಟಬೇಡಿ, ತಿಂಡಿ ಕೊಡಬೇಡಿ, ಕಾರಿನ ಹತ್ತಿರಕ್ಕೆ ಕರೆಯಬೇಡಿ. ಹಳ್ಳದ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡಿ. ಮಕ್ಕಳಿದ್ದರೆ ಹಿಮದಲ್ಲಿ ಆಡಿ ಬಂದ ಮೇಲೆ, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸಿ. ಫೋಟೊ ಕಾರಿನ ಒಳಗಿಂದಲೇ ತೆಗೆಯಿರಿ, ಗಾಜು ಏರಿಸಿಕೊಂಡು.